ಪೀಪಾಯಿಗಳ ಊರುಗಳಲ್ಲಿ: ಎಡಿನ್‌ಬರ್ಗ್‌ನಿಂದ ಬ್ರೋರಾವರೆಗೆ

ಭಾನುವಾರ, ಎಡಿನ್‌ಬರ್ಗ್

ಅಕ್ಟೋಬರ್‌ನ ಕೊನೆಯ ಭಾನುವಾರ ಇಲ್ಲಿ ಸ್ಕಾಟ್ಲೆಂಡಿನಲ್ಲಿ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಸಂಜೆ ಐದಕ್ಕೆ ಮೊದಲೇ ಸೂರ್ಯ ಮುಳುಗಿರುತ್ತಾನೆ. ಪ್ರವಾಸಿಗರ ಗದ್ದಲ ಇಳಿದಿರುತ್ತದೆ, ಕೋಣೆಗಳು ಅಗ್ಗ, ವಿಸ್ಕಿ ಬಟ್ಟಿ ಇಳಿಸುವ ಡಿಸ್ಟಿಲರಿಗಳಲ್ಲಿ ಕೆಲಸದವರಿಗೆ ನಿಂತು ಮಾತಾಡಲು ಪುರಸೊತ್ತು. ಹಳೆಯ ವಿಸ್ಕಿಯ ಬೆನ್ನು ಹತ್ತಿ ಬರುವವರಿಗೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ, ಮಳೆಗೆ ಒಳ್ಳೆಯ ಕೋಟು ಇದ್ದರೆ ಸಾಕು.

ಮೊದಲು ನೋಡಬೇಕಾದದ್ದು ಕೋಟೆಯ ಪಕ್ಕದ ಸ್ಕಾಚ್ ವಿಸ್ಕಿ ಎಕ್ಸ್‌ಪೀರಿಯೆನ್ಸ್‌ನಲ್ಲಿರುವ ಸಂಗ್ರಹ. ಬ್ರೆಜಿಲ್‌ನ ಕ್ಲೈವ್ ವಿಡಿಜ್ ಎಂಬವರು ಮೂರೂವರೆ ದಶಕ ಕೂಡಿಟ್ಟ 3,384 ಬಾಟಲಿಗಳನ್ನು ಡಿಯಾಜಿಯೊ ಎಂಬ ಮದ್ಯ ಕಂಪನಿ ಕೊಂಡು ಸ್ಕಾಟ್ಲೆಂಡಿಗೆ ತಂದಿತು. 2009ರಿಂದ ಇಲ್ಲಿ ಪ್ರದರ್ಶನಕ್ಕಿವೆ. ನೆಲದಿಂದ ಚಾವಣಿವರೆಗೆ ಗಾಜಿನ ಕಪಾಟು, ಹಿಂದಿನಿಂದ ಬೆಳಕು. ಲೇಬಲ್ ಓದುವುದನ್ನು ಬಿಟ್ಟು ಬಾಟಲಿಯೊಳಗಿನ ಮಟ್ಟವನ್ನಷ್ಟೇ ನೋಡುತ್ತ ಒಂದು ಸುತ್ತು ಹಾಕಿದರೆ ಸಂಗ್ರಹಕಾರರ ಮೊದಲ ಪಾಠ ಅಲ್ಲೇ ಸಿಗುತ್ತದೆ. ಕೆಲವು ಕುತ್ತಿಗೆಯವರೆಗೆ ತುಂಬಿವೆ, ಕೆಲವು ಭುಜಕ್ಕೆ ಇಳಿದಿವೆ. ಮುಚ್ಚಳ ಸರಿಯಿಲ್ಲದೆ ಅಥವಾ ಕಾರ್ಕ್ ಒಣಗಿ ಗಾಳಿ ಹೊಕ್ಕ ಬಾಟಲಿಯ ಮಟ್ಟ ವರ್ಷ ವರ್ಷಕ್ಕೂ ಇಳಿಯುತ್ತದೆ. ಭುಜದ ನಡುವಿಗಿಂತ ಕೆಳಗಿಳಿದ ವಿಸ್ಕಿ ಹೆಚ್ಚಾಗಿ ಚಪ್ಪೆ, ಒದ್ದೆ ರಟ್ಟಿನ ವಾಸನೆ. ಅಂಥದ್ದಕ್ಕೆ ಎಷ್ಟೇ ದೊಡ್ಡ ಹೆಸರಿದ್ದರೂ ಕುಡಿಯುವವರು ಹಣ ಹಾಕಬಾರದು.

ವೈನ್ ಬಾಟಲಿಯಂತೆ ವಿಸ್ಕಿಯನ್ನು ಮಲಗಿಸಿಡುವುದು ತಪ್ಪು. ನಲವತ್ತಕ್ಕೂ ಮೇಲಿನ ಶೇಕಡಾ ಆಲ್ಕೋಹಾಲ್ ಕಾರ್ಕನ್ನು ತಿಂದು ಪುಡಿ ಮಾಡುತ್ತದೆ, ಆ ಪುಡಿಯ ರುಚಿ ವಿಸ್ಕಿಗೂ ಇಳಿಯುತ್ತದೆ. ಬಾಟಲಿ ನಿಂತೇ ಇರಬೇಕು, ಕತ್ತಲಲ್ಲಿ ಇರಬೇಕು.

ಬಾಟಲಿಯ ಕಾಲ ಗುರುತಿಸಲು ಲೇಬಲ್‌ನ ಸಣ್ಣ ಅಕ್ಷರಗಳೇ ಸಾಕ್ಷಿ. ಬ್ರಿಟನ್ನಿನ ಬಾಟಲಿಯಲ್ಲಿ 26⅔ ಫ್ಲೂಯಿಡ್ ಔನ್ಸ್, 70 ಡಿಗ್ರಿ ಪ್ರೂಫ್ ಎಂದಿದ್ದರೆ ಸುಮಾರು 1980ಕ್ಕಿಂತ ಹಿಂದಿನದು. ಆ 70 ಪ್ರೂಫ್ ಇಂದಿನ ಲೆಕ್ಕದಲ್ಲಿ ಶೇ. 40 ಆಲ್ಕೋಹಾಲ್. 75 ಸೆಂಟಿಲೀಟರ್ ಎಂದಿದ್ದರೆ 1980ರ ದಶಕದ ಆಸುಪಾಸು. 70 ಸೆಂಟಿಲೀಟರ್ ಆದದ್ದು 1990ರ ದಶಕದ ಆರಂಭದಲ್ಲಿ. ಅಮೆರಿಕಕ್ಕೆ ಹೋದ ಬಾಟಲಿಯ ಗಾಜಿನ ಮೇಲೆ ಮರುಬಳಕೆಯನ್ನು ಫೆಡರಲ್ ಕಾನೂನು ನಿಷೇಧಿಸುತ್ತದೆ ಎಂಬ ಉಬ್ಬು ಅಕ್ಷರ ಇದ್ದರೆ ಅದು 1935 ಮತ್ತು 1964ರ ನಡುವಿನದು. ಲೇಬಲ್ ಒಂದು ಕಾಲ ಹೇಳಿ ಗಾಜು ಇನ್ನೊಂದು ಕಾಲ ಹೇಳಿದರೆ ಅಲ್ಲಿಗೇ ಕೈ ಬಿಡಬೇಕು.

ನಕಲಿಯ ಭಯ ಉತ್ಪ್ರೇಕ್ಷೆಯಲ್ಲ. 2017ರಲ್ಲಿ ಸ್ವಿಟ್ಜರ್ಲೆಂಡಿನ ಸೇಂಟ್ ಮೊರಿಟ್ಜ್‌ನ ಹೋಟೆಲೊಂದರಲ್ಲಿ 1878ರ ಮೆಕಾಲನ್ (ಸ್ಕಾಟ್ಲೆಂಡಿನ ದುಬಾರಿ ಹೆಸರಿನ ವಿಸ್ಕಿ) ಎಂದು ಅತಿಥಿಯೊಬ್ಬರು ಒಂದೇ ಗ್ಲಾಸಿಗೆ 9,999 ಫ್ರಾಂಕ್ ಕೊಟ್ಟು ಕುಡಿದರು. ಕಾರ್ಬನ್ ಪರೀಕ್ಷೆಯಲ್ಲಿ ಅದು 1970ರ ಆಸುಪಾಸಿನ ವಿಸ್ಕಿ ಎಂದು ಗೊತ್ತಾಗಿ ಹೋಟೆಲು ಹಣ ವಾಪಸು ಕೊಟ್ಟಿತು. ಪರೀಕ್ಷೆಯ ತತ್ವ ಸರಳ: 1950–60ರ ದಶಕಗಳ ಅಣುಬಾಂಬ್ ಪ್ರಯೋಗಗಳಿಂದ ಗಾಳಿಯಲ್ಲಿ ಕಾರ್ಬನ್-14 ದಿಢೀರ್ ಏರಿತು, ಆ ಗಾಳಿಯಲ್ಲಿ ಬೆಳೆದ ಬಾರ್ಲಿಯಲ್ಲಿ ಅದರ ಗುರುತು ಉಳಿಯಿತು. 19ನೇ ಶತಮಾನದ ವಿಸ್ಕಿಯಲ್ಲಿ ಆ ಗುರುತು ಇರುವುದು ಸಾಧ್ಯವೇ ಇಲ್ಲ. 2018ರಲ್ಲಿ ಈಸ್ಟ್ ಕಿಲ್‌ಬ್ರೈಡ್‌ನ ಪ್ರಯೋಗಾಲಯ 55 ಅಪರೂಪದ ಬಾಟಲಿಗಳನ್ನು ಪರೀಕ್ಷಿಸಿದಾಗ 21 ಹುಸಿ ಎಂದು ತೇಲಿತು. ದೊಡ್ಡ ಮೊತ್ತದ ಬಾಟಲಿ ಕೊಳ್ಳುವವರು ಮೊದಲು ಕೇಳಬೇಕಾದದ್ದು ರುಚಿಯ ಬಗ್ಗೆ ಅಲ್ಲ, ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಕಾಗದಪತ್ರದ ಬಗ್ಗೆ.

ಸೋಮವಾರ, ಗ್ಲೆನ್‌ಶೀ ಮತ್ತು ಲೆಕ್ಟ್ ದಾರಿ

ಡಿಸ್ಟಿಲರಿಗಳ ಸೀಮೆಯಾದ ಸ್ಪೇಸೈಡ್‌ಗೆ ಎಲ್ಲರೂ ಹಿಡಿಯುವುದು ಎ9 ಹೆದ್ದಾರಿ. ಬೇಗ ತಲುಪಿಸುತ್ತದೆ, ಅಷ್ಟೇ. ಪರ್ತ್ ದಾಟಿ ಬ್ಲೇರ್‌ಗೌರಿಯಿಂದ ಎ93 ಹಿಡಿದರೆ ಗ್ಲೆನ್‌ಶೀ ಕಣಿವೆ, ಅದರ ತುದಿಯಲ್ಲಿ ಬ್ರಿಟನ್ನಿನ ಅತಿ ಎತ್ತರದ ಮುಖ್ಯರಸ್ತೆ, ಸುಮಾರು 670 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಪಾಲು ಎತ್ತರ, ಆದರೆ ಇಲ್ಲಿ ಮರ ಬೆಳೆಯುವುದಿಲ್ಲ. ಕಂದು ಹೆದರ್ ಪೊದೆ, ನಡುನಡುವೆ ಕಲ್ಲು, ಮೇಲೆ ಓಡುವ ಮೋಡ. ಗಾಡಿ ನಿಲ್ಲಿಸಿ ಕಿಟಕಿ ಇಳಿಸಿದರೆ ಕೆಂಪು ಜಿಂಕೆಗಳ ಗಂಡುಗಳು ಬೆದೆಗಾಲದಲ್ಲಿ ಕೂಗುವ ಸದ್ದು ಬೆಟ್ಟದಿಂದ ಬೆಟ್ಟಕ್ಕೆ ಬಡಿಯುತ್ತದೆ.

ಬ್ರೇಮಾರ್‌ನಲ್ಲಿ ಬಾರ್ಲಿ, ಲೀಕ್ ಹಾಕಿದ ಸೂಪು, ದಪ್ಪ ಬ್ರೆಡ್ಡು. ಅಲ್ಲಿಂದ ಗೇರ್ನ್‌ಶೀಲ್‌ನ ಕಮಾನು ಸೇತುವೆ ಹತ್ತಿರ ಎ939 ಸೇರಿ ಲೆಕ್ಟ್ ಏರಬೇಕು. ಚಳಿಗಾಲದಲ್ಲಿ ಹಿಮ ಬಿದ್ದರೆ ಮೊದಲು ಮುಚ್ಚುವ ರಸ್ತೆಗಳಲ್ಲಿ ಕಾಕ್‌ಬ್ರಿಜ್–ಟೊಮಿಂಟೌಲ್ ದಾರಿಯೂ ಒಂದು. ರಸ್ತೆಗೆ ಅಡ್ಡ ಹಾಕಲು ಎರಡೂ ಕಡೆ ಕಬ್ಬಿಣದ ಗೇಟುಗಳೇ ಇವೆ. ಏರು ಕೆಲವು ಕಡೆ ಐದಕ್ಕೆ ಒಂದರಷ್ಟು ಕಡಿದು. ಮೇಲೆ ಹೋಗುತ್ತಿದ್ದಂತೆ ಮಳೆ ಹಿಮಮಳೆಯಾಯಿತು. ಇಳಿಜಾರಿನ ಅಂಚಿನ ಗುಂಡಿಯೊಂದಕ್ಕೆ ಎಡ ಚಕ್ರ ಇಳಿದು ಟೈರಿನ ಪಕ್ಕ ಸೀಳಿತು. ಬಾಡಿಗೆ ಕಾರಿನ ಡಿಕ್ಕಿ ತೆರೆದರೆ ಸ್ಟೆಪ್ನಿ ಇಲ್ಲ, ಇದ್ದದ್ದು ನೊರೆ ತುಂಬುವ ಡಬ್ಬಿ. ಆ ನೊರೆ ಮೊಳೆಯ ತೂತಿಗೆ ಸರಿ, ಪಕ್ಕ ಸೀಳಿದ ಟೈರಿಗೆ ಪ್ರಯೋಜನವಿಲ್ಲ. ಈ ದಾರಿಗಳಿಗೆ ಬರುವವರು ಕಾರು ಪಡೆಯುವಾಗಲೇ ನಿಜವಾದ ಸ್ಟೆಪ್ನಿ ಕೇಳಿ ಪಡೆಯಬೇಕು. ಬೆಟ್ಟದ ಮೇಲೆ ಫೋನಿಗೆ ಸಿಗ್ನಲ್ಲೂ ಸಿಗುವುದಿಲ್ಲ.

ಸ್ವಲ್ಪ ಹೊತ್ತಿನಲ್ಲಿ ಪಿಕಪ್ ಒಂದು ನಿಂತಿತು. ದನ ಸಾಕುವ ರೈತ, ಹಿಂದೆ ಬಿಸಿ ಹೊಗೆಯಾಡುವ ಬಾರ್ಲಿ ಚರಟದ ರಾಶಿ. ಮಾಲ್ಟಿನ, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಸಕ್ಕರೆಯೆಲ್ಲ ನೀರಿಗೆ ಇಳಿದ ಮೇಲೆ ಉಳಿಯುವ ಈ ಹೊಟ್ಟನ್ನು ಡಿಸ್ಟಿಲರಿಗಳಿಂದ ತಂದು ದನಕ್ಕೆ ಹಾಕುತ್ತಾರೆ. ಚಳಿಗಾಲದಲ್ಲಿ ಡಿಸ್ಟಿಲರಿ ನಿಂತರೆ ತನ್ನ ದನಗಳಿಗೂ ಉಪವಾಸವೇ ಎಂದ. 1983ರಲ್ಲಿ ಸಾಲು ಸಾಲು ಡಿಸ್ಟಿಲರಿಗಳು ಬಾಗಿಲು ಹಾಕಿದಾಗ ಅಪ್ಪ ಹಸುಗಳನ್ನು ಮಾರಿದ್ದು ಅವನಿಗೆ ನೆನಪಿದೆ. ಸಂಗ್ರಹಕಾರರು ಆ ಇಸವಿಯನ್ನು ಅಪರೂಪದ ಲೆಕ್ಕದಲ್ಲಿ ಹೇಳುತ್ತಾರೆ. ಕಣಿವೆಯ ಜನ ಕೂಲಿ ಕಳಕೊಂಡ ವರ್ಷವಾಗಿ ಹೇಳುತ್ತಾರೆ. ಟೊಮಿಂಟೌಲ್‌ವರೆಗೆ ಬಿಟ್ಟು ಅಲ್ಲಿನ ಗ್ಯಾರೇಜಿನವರಿಗೆ ತಾನೇ ಹೇಳಿಹೋದ. ಹಣ ಮುಟ್ಟಲಿಲ್ಲ.

ಟೈರು ಹಾಕಿಸಿ ಗ್ಲೆನ್‌ಲಿವೆಟ್ ಕಣಿವೆಗೆ ಇಳಿಯುವಾಗ ಕತ್ತಲಾಗುತ್ತಿತ್ತು. ಒಂದು ಕಾಲಕ್ಕೆ ಈ ಕಣಿವೆ ತುಂಬ ಕಳ್ಳಭಟ್ಟಿ. 1823ರ ಅಬಕಾರಿ ಕಾಯ್ದೆ ಪರವಾನಗಿಯನ್ನು ಅಗ್ಗ ಮಾಡಿತು, ಮರುವರ್ಷ ಜಾರ್ಜ್ ಸ್ಮಿತ್ ಇಲ್ಲಿ ಮೊದಲು ಪರವಾನಗಿ ಪಡೆದ. ನೆರೆಯ ಕಳ್ಳಭಟ್ಟಿಯವರ ಬೆದರಿಕೆಗೆ ಜೊತೆಗೆ ಎರಡು ಪಿಸ್ತೂಲು ಇಟ್ಟುಕೊಂಡೇ ಓಡಾಡುತ್ತಿದ್ದ. ಹೆಡ್‌ಲೈಟಿನಲ್ಲಿ ಗೋದಾಮುಗಳ ಸುತ್ತಲಿನ ಮರಗಳು ಬುಡದಿಂದ ಕೊಂಬೆಯವರೆಗೆ ಮಸಿ ಕಪ್ಪು. ಸುಟ್ಟದ್ದಲ್ಲ, ಪೀಪಾಯಿಯಿಂದ ಆರುವ ಆಲ್ಕೋಹಾಲ್ ಆವಿಯನ್ನು ತಿಂದು ಬೆಳೆಯುವ ಬೌಡೋಯಿನಿಯಾ ಎಂಬ ಶಿಲೀಂಧ್ರ. ಬೆರಳಿನಿಂದ ಉಜ್ಜಿದರೆ ವೆಲ್ವೆಟ್ಟಿನಷ್ಟು ಮೆತ್ತಗೆ, ಬೆರಳಿಗೆ ಕಪ್ಪು ಹತ್ತುತ್ತದೆ. ಎಲ್ಲಿ ಗೋಡೆ ಕಪ್ಪೋ ಅಲ್ಲಿ ಒಳಗೆ ವಿಸ್ಕಿ ಹಣ್ಣಾಗುತ್ತಿದೆ ಎಂದೇ ಅರ್ಥ.

ಮಂಗಳವಾರ, ಕ್ರೇಗೆಲಾಕಿ ಮತ್ತು ಬ್ಯಾಲಿಂಡಾಲಕ್

ಡಫ್‌ಟೌನ್‌ನಿಂದ ಕ್ರೇಗೆಲಾಕಿಗೆ ಹತ್ತು ನಿಮಿಷ. ಊರ ಹೊರಗೆ ಪಿರಮಿಡ್ಡಿನಂತೆ ಜೋಡಿಸಿದ ಖಾಲಿ ಪೀಪಾಯಿಗಳ ಗುಡ್ಡ ಕಂಡರೆ ಅದೇ ಸ್ಪೇಸೈಡ್ ಕೂಪರೇಜ್, ಪೀಪಾಯಿ ಕಟ್ಟುವ ಕಾರ್ಖಾನೆ. 1947ರಿಂದ ಇದೆ. ಮೇಲಿನ ಗ್ಯಾಲರಿಯಿಂದ ಕೆಲಸ ನೋಡಬಹುದು. ಗಂಟೆಯ ಕೂಲಿಯಲ್ಲ, ಮುಗಿಸಿದ ಪೀಪಾಯಿಯ ಲೆಕ್ಕ, ಹೀಗಾಗಿ ಯಾರೂ ತಲೆ ಎತ್ತುವುದಿಲ್ಲ. ಮೊಳೆ ಇಲ್ಲ, ಅಂಟು ಇಲ್ಲ. ಎರಡೂ ತುದಿ ಕಿರಿದಾದ ಓಕ್ ಹಲಗೆಗಳನ್ನು ಉಕ್ಕಿನ ಬಳೆಗಳು ಬಿಗಿದು ಹಿಡಿಯುತ್ತವೆ. ಮುಚ್ಚಳದ ಹಲಗೆಗಳ ಸಂದಿಗೆ ಒಣಗಿಸಿದ ಜೊಂಡು ಹುಲ್ಲು ತುರುಕುತ್ತಾರೆ, ವಿಸ್ಕಿ ತಾಗಿದೊಡನೆ ಅದು ಉಬ್ಬಿ ಸೋರುವುದನ್ನು ನಿಲ್ಲಿಸುತ್ತದೆ.

ಹಳೆಯ ವಿಸ್ಕಿಯ ಮಾತಿಗೆ ಬಾಟಲಿಗಿಂತ ಮೊದಲು ಬರಬೇಕಾದ ಜಾಗ ಇದು. ಕಾನೂನಿನ ಪ್ರಕಾರ ಸ್ಕಾಚ್ 700 ಲೀಟರ್ ಮೀರದ ಓಕ್ ಪೀಪಾಯಿಯಲ್ಲಿ ಕನಿಷ್ಠ ಮೂರು ವರ್ಷ ಇರಬೇಕು. ಅಮೆರಿಕದ ಬೂರ್ಬನ್ ವಿಸ್ಕಿಯ ಬ್ಯಾರೆಲ್ 200 ಲೀಟರ್, ಹಾಗ್ಸ್‌ಹೆಡ್ ಎಂಬ ಪೀಪಾಯಿ 250, ಸ್ಪೇನಿನ ಶೆರ್ರಿ ವೈನಿನ ಬಟ್ 500. ಗಾತ್ರ ಚಿಕ್ಕದಾದಷ್ಟೂ ಮರ ಹೆಚ್ಚು ತಾಗುತ್ತದೆ, ವಿಸ್ಕಿ ಬೇಗ ಮರವಾಗುತ್ತದೆ. ಹೊಸದಾಗಿ ಶೆರ್ರಿ ಖಾಲಿ ಮಾಡಿದ ಯೂರೋಪಿನ ಓಕ್‌ನಲ್ಲಿ ಮೊದಲ ಸಲ ತುಂಬಿದ ವಿಸ್ಕಿ ಹದಿನೈದು ಇಪ್ಪತ್ತು ವರ್ಷಕ್ಕೆ ಅದ್ಭುತವಾಗಿದ್ದು, ನಲವತ್ತಕ್ಕೆ ಅಡಕೆ ಚೊಗರಿನಷ್ಟು ಒಗರಾಗಬಹುದು. ಅದೇ ಎರಡು ಮೂರು ಸಲ ಬಳಸಿ ಮರದ ಕಾವು ಇಳಿದ ಹಾಗ್ಸ್‌ಹೆಡ್‌ನಲ್ಲಿ ನಲವತ್ತು ವರ್ಷ ಕಳೆದ ವಿಸ್ಕಿ ಹಣ್ಣಿನ ಘಮ ಉಳಿಸಿಕೊಂಡಿರುತ್ತದೆ. ಲೇಬಲ್‌ನ ಮೇಲಿನ ವಯಸ್ಸನ್ನು ಮಾತ್ರ ನೋಡಿ ಕೊಳ್ಳುವವರು ಮೋಸ ಹೋಗುವುದು ಇಲ್ಲೇ. ಪೀಪಾಯಿ ಯಾವುದು, ಎಷ್ಟನೇ ಸಲ ತುಂಬಿದ್ದು ಎಂಬುದು ವಯಸ್ಸಿಗಿಂತ ದೊಡ್ಡ ಮಾಹಿತಿ.

ಮಧ್ಯಾಹ್ನ ಎ95ರಲ್ಲಿ ಬ್ಯಾಲಿಂಡಾಲಕ್ ಕಡೆ. ಬೆನ್ ರಿನ್ನೆಸ್ ಬೆಟ್ಟದ ಬುಡದಲ್ಲಿ ಗ್ಲೆನ್‌ಫಾರ್ಕ್ಲಾಸ್ ಡಿಸ್ಟಿಲರಿ. 1865ರಲ್ಲಿ ಜಾನ್ ಗ್ರಾಂಟ್ ಇದನ್ನು 511 ಪೌಂಡ್ 19 ಶಿಲ್ಲಿಂಗಿಗೆ ಕೊಂಡ, ಅಂದಿನಿಂದ ಅದೇ ಮನೆತನದ್ದು. ಆರು ಭಟ್ಟಿಗಳಿಗೂ ಕೆಳಗಿನಿಂದ ನೇರ ಗ್ಯಾಸಿನ ಉರಿ. 1981ರಲ್ಲಿ ಹಬೆಯ ಸುರುಳಿ ಹಾಕಿ ನೋಡಿದರು, ಸ್ಪಿರಿಟ್ಟಿನ (ಭಟ್ಟಿಯಿಂದ ಆಗಷ್ಟೇ ಇಳಿದ ಮದ್ಯದ) ಭಾರ ಕಡಿಮೆಯಾಯಿತೆಂದು ತೆಗೆದು ಉರಿಗೇ ಮರಳಿದರು. ಭಾರವಾದ ಸ್ಪಿರಿಟ್ ಆದ್ದರಿಂದಲೇ ಶೆರ್ರಿ ಪೀಪಾಯಿಯ ದೀರ್ಘ ವಾಸವನ್ನು ಇದು ತಡೆದುಕೊಳ್ಳುತ್ತದೆ.

ಗೋದಾಮಿನೊಳಗೆ ಮಣ್ಣಿನ ನೆಲ, ದಪ್ಪ ಕಲ್ಲಿನ ಗೋಡೆ, ಹಲಗೆಗಳ ಮೇಲೆ ಒಂದರ ಮೇಲೊಂದು ಮೂರೇ ಸಾಲು ಪೀಪಾಯಿ. ತೇವ ಮಣ್ಣು, ಒಣದ್ರಾಕ್ಷಿ, ಹಳೇ ಕಿತ್ತಳೆ ಸಿಪ್ಪೆಯ ವಾಸನೆ ಒಟ್ಟಿಗೆ. ತಂಪು ತೇವದ ಈ ಹವೆಯಲ್ಲಿ ವರ್ಷಕ್ಕೆ ಸುಮಾರು ಶೇ. 2ರಷ್ಟು ಆವಿಯಾಗುತ್ತದೆ, ನೀರಿಗಿಂತ ಆಲ್ಕೋಹಾಲ್ ಹೆಚ್ಚು ಹೋಗುವುದರಿಂದ ಶೇ. 63.5 ಬಲಕ್ಕೆ ತುಂಬಿದ್ದು ದಶಕಗಳಲ್ಲಿ ನಲವತ್ತರ ಆಸುಪಾಸಿಗೆ ಇಳಿಯುತ್ತದೆ. 40ಕ್ಕಿಂತ ಕೆಳಗೆ ಬಿದ್ದರೆ ಅದನ್ನು ಸ್ಕಾಚ್ ಎಂದು ಮಾರುವಂತಿಲ್ಲ. ಅದಕ್ಕೇ ಹಳೆಯ ಪೀಪಾಯಿಗಳಿಂದ ಆಗಾಗ ತೆಗೆದು ಅಳೆಯುತ್ತಲೇ ಇರುತ್ತಾರೆ. ಶೇ. 2ರ ಲೆಕ್ಕದಲ್ಲಿ 250 ಲೀಟರಿನ ಹಾಗ್ಸ್‌ಹೆಡ್ 40 ವರ್ಷಕ್ಕೆ ಸುಮಾರು 110 ಲೀಟರಿಗೆ ಬರುತ್ತದೆ, ಅಂದರೆ ನೂರೈವತ್ತು ಚಿಲ್ಲರೆ ಬಾಟಲಿ. ಬೆಲೆಯ ಬಹುಪಾಲು ಹೀಗೆ ಗಾಳಿಗೆ ಹೋದದ್ದರ ಬೆಲೆ.

ಪ್ರವಾಸ ತೋರಿಸಿದಾಕೆಗೆ ಬೆಂಗಳೂರು ಎಂದೊಡನೆ ಅಲ್ಲಿನ ವಿಸ್ಕಿ ಕಂಪನಿ ಅಮೃತ್ ನೆನಪಾಯಿತು. 2004ರಲ್ಲಿ ಅಮೃತ್ ತನ್ನ ಸಿಂಗಲ್ ಮಾಲ್ಟನ್ನು (ಒಂದೇ ಡಿಸ್ಟಿಲರಿಯ ಮಾಲ್ಟ್ ವಿಸ್ಕಿಯನ್ನು) ಬಿಡುಗಡೆ ಮಾಡಿದ್ದೇ ಗ್ಲಾಸ್ಗೋದಲ್ಲಿ. ಬೆಂಗಳೂರಿನ ಗೋದಾಮಿನಲ್ಲಿ ವರ್ಷಕ್ಕೆ ಶೇ. 10ರಿಂದ 12 ಆವಿ. ಶೇ. 11 ಎಂದಿಟ್ಟರೆ ಎಂಟು ವರ್ಷದಲ್ಲಿ ಪೀಪಾಯಿಯಲ್ಲಿ ಉಳಿಯುವುದು ಶೇ. 40ರಷ್ಟು, ಅಷ್ಟು ಕರಗಲು ಇಲ್ಲಿ 46 ವರ್ಷ ಬೇಕು. ಅಮೃತ್‌ನ ಎಂಟು ವರ್ಷದ ವಿಸ್ಕಿ ‘ಗ್ರೀಡಿ ಏಂಜಲ್ಸ್’ ಬಂದಾಗ ಇಲ್ಲಿನವರು ಬೆರಗಾಗಿದ್ದು ಈ ಲೆಕ್ಕಕ್ಕೆ. ಆದರೆ ರುಚಿ 46 ವರ್ಷದ್ದಾಗುವುದಿಲ್ಲ. ಬಿಸಿ ಊರಿನಲ್ಲಿ ಮರದ ಸಾರ ಬೇಗ ಇಳಿಯುತ್ತದೆ. ಪೀಪಾಯಿಯೊಳಗೆ ನಿಧಾನವಾಗಿ ಉಸಿರಾಡಿ ಆಗುವ ಬದಲಾವಣೆ, ಆ ಹಳೇ ಚರ್ಮ, ಅಕ್ರೋಟು, ಅಣಬೆಯ ಘಮಕ್ಕೆ ವರ್ಷಗಳೇ ಬೇಕು.

2007ರಲ್ಲಿ ಗ್ಲೆನ್‌ಫಾರ್ಕ್ಲಾಸ್ 1952ರಿಂದ 1994ರವರೆಗಿನ ಪ್ರತಿ ವರ್ಷದ ಒಂದೊಂದು ಪೀಪಾಯಿಯನ್ನು ‘ಫ್ಯಾಮಿಲಿ ಕಾಸ್ಕ್ಸ್’ ಎಂದು ಹೊರತಂದಿತು. ಹಳೆಯ ಶೆರ್ರಿ ವಿಸ್ಕಿಯನ್ನು ಕಾಲಕ್ರಮದಲ್ಲಿ ಅರಿಯಲು ಇದಕ್ಕಿಂತ ಒಳ್ಳೆಯ ಸಾಲು ಬೇರಿಲ್ಲ. ಇದರಲ್ಲೊಂದು ಸೂಕ್ಷ್ಮ ಇದೆ. ಹಿಂದೆ ಶೆರ್ರಿ ಸ್ಪೇನಿನಿಂದ ಪೀಪಾಯಿಯಲ್ಲೇ ಬ್ರಿಟನ್ನಿಗೆ ಬರುತ್ತಿತ್ತು, ಖಾಲಿಯಾದದ್ದು ವಿಸ್ಕಿಗೆ ಸಿಗುತ್ತಿತ್ತು. 1980ರ ದಶಕದಲ್ಲಿ ಸ್ಪೇನ್ ಅದನ್ನು ನಿಲ್ಲಿಸಿತು. ಈಗ ಬರುವವು ವಿಸ್ಕಿಗೆಂದೇ ಮಾಡಿಸಿ ಒಂದೆರಡು ವರ್ಷ ಶೆರ್ರಿ ತುಂಬಿಸಿ ಹದ ಮಾಡಿದವು. 1960–70ರ ಬಾಟಲಿಗಳ ರುಚಿ ಈಗ ಸಿಗದಿರುವುದಕ್ಕೆ ಇದೂ ಒಂದು ಕಾರಣ.

ಕಾರು ಓಡಿಸುವವರು ಇಲ್ಲಿ ಒಂದು ಗುಟುಕನ್ನೂ ಕುಡಿಯಬಾರದು. ಸ್ಕಾಟ್ಲೆಂಡಿನ ಮಿತಿ 100 ಮಿ.ಲೀ. ರಕ್ತಕ್ಕೆ 50 ಮಿ.ಗ್ರಾಂ., ಇಂಗ್ಲೆಂಡಿಗಿಂತ ಬಿಗಿ. ಕೇಳಿದರೆ ಚಾಲಕರ ಪಾಲನ್ನು ಪುಟ್ಟ ಸೀಸೆಗೆ ಹಾಕಿ ಕೊಡುತ್ತಾರೆ, ರಾತ್ರಿ ಕೋಣೆಯಲ್ಲಿ ಸವಿಯಬಹುದು.

ಅಂದು ರಾತ್ರಿ ತೆರೆದದ್ದು ಹರಾಜಿನಲ್ಲಿ ಕೊಂಡಿದ್ದ, 1970ರ ದಶಕದ ಕಾರ್ಕ್ ಬಾಟಲಿ. ಹಳೆಯ ಕಾರ್ಕಿಗೆ ಅವಸರ ಆಗದು. ಮೊದಲು ಬಾಟಲಿಯನ್ನು ಕೆಲವು ಸೆಕೆಂಡು ತಲೆಕೆಳಗು ಹಿಡಿದು ಕಾರ್ಕ್ ಒದ್ದೆ ಮಾಡಬೇಕು. ಮೇಲಿನ ಹಾಳೆಯನ್ನು ಪೂರ್ತಿ ತೆಗೆದು ಕುತ್ತಿಗೆ ಒರೆಸಬೇಕು. ಕಾರ್ಕನ್ನು ನೇರ ಎಳೆಯದೆ, ಬಾಟಲಿಯನ್ನು ತಿರುಗಿಸುತ್ತ ಕೂದಲೆಳೆಯಷ್ಟೇ ಮೇಲೆತ್ತಬೇಕು. ಇಷ್ಟೆಲ್ಲ ಮಾಡಿದರೂ ಅರ್ಧಕ್ಕೆ ಮುರಿಯಿತು. ಉಳಿದರ್ಧಕ್ಕೆ ಎರಡು ತೆಳು ಅಲಗಿನ ಓಪನರನ್ನು ಗಾಜು ಮತ್ತು ಕಾರ್ಕಿನ ನಡುವೆ ಇಳಿಸಿ ತಿರುಗಿಸಿ ತೆಗೆಯಬೇಕಾಯಿತು. ಸುರುಳಿ ಓಪನರ್ ಹಾಕಿದ್ದರೆ ಪುಡಿಪುಡಿ. ಒಳಗೆ ಬಿದ್ದ ಚೂರುಗಳಿಗೆ ಟೀ ಸೋಸುವ ಸಣ್ಣ ಜಾಲರಿ ಸಾಕು. ಕಾಫಿಯ ಕಾಗದದ ಫಿಲ್ಟರ್ ವಿಸ್ಕಿಯ ಎಣ್ಣೆಯಂಶವನ್ನೂ ಹೀರುತ್ತದೆ. ಮುಗಿದ ಬಾಟಲಿಗಳ ಒಳ್ಳೆಯ ಕಾರ್ಕುಗಳನ್ನು ತೊಳೆದು ಒಣಗಿಸಿ ಇಟ್ಟುಕೊಳ್ಳುವುದು ಇಂಥ ಹೊತ್ತಿಗೇ.

ಬುಧವಾರ, ಎಲ್ಗಿನ್ ಮತ್ತು ಫಾರೆಸ್

ಬೆಳಗಿನಿಂದ ಸಣ್ಣ ಮಳೆ. ಎಲ್ಗಿನ್‌ನ ಸೌತ್ ಸ್ಟ್ರೀಟ್‌ನ ಗಾರ್ಡನ್ ಅಂಡ್ ಮ್ಯಾಕ್‌ಫೈಲ್ ಅಂಗಡಿ 1895ರಲ್ಲಿ ದಿನಸಿ ಅಂಗಡಿಯಾಗಿ ಶುರುವಾದದ್ದು. ಡಿಸ್ಟಿಲರಿಗಳಿಂದ ಹೊಸ ಸ್ಪಿರಿಟ್ ಕೊಂಡು ತಮ್ಮದೇ ಪೀಪಾಯಿಗೆ ತುಂಬಿಸಿ, ತಲೆಮಾರು ಕಾದು ಬಾಟಲಿ ಮಾಡಿದವರು. 1940ರಲ್ಲಿ ತುಂಬಿದ ಗ್ಲೆನ್‌ಲಿವೆಟ್‌ನ ಪೀಪಾಯಿಯೊಂದನ್ನು ಅವರು 80 ವರ್ಷ ಕಾದು, 2021ರಲ್ಲಿ 250 ಡಿಕ್ಯಾಂಟರ್‌ಗಳಲ್ಲಿ ಹೊರತಂದರು. ಎಂಬತ್ತು ವರ್ಷದ ಮೇಲೂ ಅದರ ಬಲ ಶೇ. 44.9 ಇತ್ತು. ತುಂಬಿದವರಲ್ಲಿ ಯಾರೂ ಅದರ ರುಚಿ ನೋಡಲು ಉಳಿದಿರಲಿಲ್ಲ. ಬೇರೆ ಡಿಸ್ಟಿಲರಿಗಳ ಸ್ಪಿರಿಟ್ ತುಂಬುವುದನ್ನು 2024ರಿಂದ ನಿಲ್ಲಿಸುವುದಾಗಿ ಅವರು 2023ರಲ್ಲಿ ಹೇಳಿದರು. ಗೋದಾಮಿನಲ್ಲಿರುವ ದಾಸ್ತಾನು ಮಾತ್ರ ದಶಕಗಳವರೆಗೆ ಬರುತ್ತಿರುತ್ತದೆ.

ಕೈಗೆಟುಕುವ ಬೆಲೆಯಲ್ಲಿ ಹಳೆಯದನ್ನು ಸವಿಯಬೇಕೆನ್ನುವವರಿಗೆ ದಾರಿ ಇಂಥ ಸ್ವತಂತ್ರ ಬಾಟಲಿದಾರರು. ದೊಡ್ಡ ಹೆಸರಿಲ್ಲದ, ಹಲವು ವಿಸ್ಕಿ ಬೆರೆಸಿ ಮಾಡುವ ಬ್ಲೆಂಡುಗಳಿಗೇ ಹೋಗುವ ಡಿಸ್ಟಿಲರಿಗಳ 30 ವರ್ಷದ ಒಂಟಿ ಪೀಪಾಯಿ, ಮೆಕಾಲನ್‌ನ ಕಾಲುಭಾಗದ ಬೆಲೆಗೂ ಸಿಗುವುದುಂಟು. ಮೆಕಾಲನ್‌ನ 1926ರ ಒಂದು ಬಾಟಲಿ 2023ರ ನವೆಂಬರ್‌ನಲ್ಲಿ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡು ದಾಟಿತು. ಆ ಪೀಪಾಯಿಯಿಂದ ಬಂದದ್ದೇ 40 ಬಾಟಲಿ. ಅದು ಕುಡಿಯುವವರ ಲೋಕವಲ್ಲ. ಇನ್ನೊಂದು ದಾರಿ 1960–70ರ ದಶಕದ ಸಾಮಾನ್ಯ ಬ್ಲೆಂಡುಗಳು. ಬ್ಲ್ಯಾಕ್ ಅಂಡ್ ವೈಟ್‌ನ ಸ್ಪ್ರಿಂಗ್ ಮುಚ್ಚಳದ ಬಾಟಲಿ ಹರಾಜುಗಳಲ್ಲಿ ಆಗಾಗ ಬರುತ್ತದೆ. ಲೋಹದ ಆ ಮುಚ್ಚಳ ಸಡಿಲವಾಗುವ ಜಾತಿ, ಚಿತ್ರದಲ್ಲಿ ಮಟ್ಟ ನೋಡಿಯೇ ಬೆಲೆ ಕೂಗಬೇಕು. ಕೂಗಿದ ಬೆಲೆಯ ಮೇಲೆ ಕೊಳ್ಳುವವರ ಕಮಿಷನ್, ಅದರ ಮೇಲೆ ವ್ಯಾಟ್, ಸಾಗಣೆ, ವಿಮೆ ಎಲ್ಲ ಸೇರುತ್ತದೆಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು.

ಊಟಕ್ಕೆ ಕಲನ್ ಸ್ಕಿಂಕ್: ಹೊಗೆ ಹಾಕಿದ ಹ್ಯಾಡಕ್ ಮೀನು, ಆಲೂಗಡ್ಡೆ, ಈರುಳ್ಳಿ, ಹಾಲು. ಆ ಹೊಗೆಯ ಉಪ್ಪುರುಚಿ ನಾಲಿಗೆಯ ಮೇಲೆ ಬಹಳ ಹೊತ್ತು ನಿಲ್ಲುತ್ತದೆ. ಸಂಜೆ ಸೂಕ್ಷ್ಮವಾದ ಹಳೇ ವಿಸ್ಕಿ ಸವಿಯುವುದಿದ್ದರೆ ಮಧ್ಯಾಹ್ನ ಇದನ್ನು ಬಿಟ್ಟು ಬೇರೆ ತಿನ್ನುವುದು ಲೇಸು; ಬಿಟ್ಟರೆ ಎಲ್ಗಿನ್‌ಗೆ ಬಂದದ್ದು ಅರ್ಧ ವ್ಯರ್ಥ ಎಂಬುದೂ ನಿಜ.

ಫಾರೆಸ್‌ನ ಹೊರಗೆ ಡಲ್ಲಾಸ್ ಧು ಡಿಸ್ಟಿಲರಿ. 1983ರಲ್ಲಿ ಮುಚ್ಚಿದ್ದನ್ನು ಇತಿಹಾಸ ಇಲಾಖೆ ಸ್ಮಾರಕವಾಗಿ ಉಳಿಸಿಕೊಂಡಿತು. ಮುಚ್ಚಿದ್ದಕ್ಕೆ ಕಾರಣ ವಿಸ್ಕಿ ಕೆಟ್ಟದಾಗಿತ್ತೆಂದಲ್ಲ. 1970ರ ದಶಕದಲ್ಲಿ ಬೇಡಿಕೆ ಏರುತ್ತಲೇ ಇರುತ್ತದೆಂದು ತುಂಬಿಟ್ಟರು, ಬೇಡಿಕೆ ಕುಸಿಯಿತು, ಗೋದಾಮುಗಳು ತುಂಬಿ ತುಳುಕಿದವು. ಆಗ ಮುಚ್ಚಿದ ಪಟ್ಟಿಯಲ್ಲಿ ಪೋರ್ಟ್ ಎಲೆನ್, ಬ್ರೋರಾ, ಸೇಂಟ್ ಮ್ಯಾಗ್ಡಲೀನ್, ಬ್ಯಾನ್ಫ್, ಗ್ಲೆನ್ ಆಲ್ಬಿನ್, ಗ್ಲೆನ್ ಮೋರ್. ಬೇಲಿಯ ಬಳಿ ನಾಯಿ ಅಡ್ಡಾಡಿಸುತ್ತಿದ್ದ ಮುದುಕರೊಬ್ಬರು ಪಗೋಡ ಚಿಮಣಿಯತ್ತ ಕೈ ತೋರಿಸಿ, ಆಗ ಊರಿಗೆ ಬೆಳಗಿನ ಗಂಟೆ ಹೇಳುತ್ತಿದ್ದದ್ದು ಮಾಲ್ಟಿನ ವಾಸನೆ ಎಂದರು.

ಗುರುವಾರ, ಬ್ರೋರಾ ಮತ್ತು ಡೋರ್ನಾಕ್

ಇನ್ವರ್ನೆಸ್ ದಾಟಿ ಉತ್ತರಕ್ಕೆ ಎ9 ಸಮುದ್ರದ ಅಂಚಿಗೆ ಬರುತ್ತದೆ. ಮಳೆ ಬಿಟ್ಟು ಬಿಸಿಲು, ಮತ್ತೆ ಮಳೆ, ಡೋರ್ನಾಕ್ ಸೇತುವೆಯ ಮೇಲೆ ಕಾರನ್ನೇ ಪಕ್ಕಕ್ಕೆ ತಳ್ಳುವ ಗಾಳಿ. ಗಾಲ್ಸ್‌ಪಿಯ ಬೆಟ್ಟದ ನೆತ್ತಿಯ ಮೇಲೆ ಮೊದಲ ಸದರ್‌ಲೆಂಡ್ ಡ್ಯೂಕನ ಭಾರೀ ಪ್ರತಿಮೆ. ಒಳನಾಡಿನ ಕಣಿವೆಗಳಿಂದ ಒಕ್ಕಲುಗಳನ್ನು ಎಬ್ಬಿಸಿ ಕುರಿಗೆ ಜಾಗ ಮಾಡಿದ್ದು ಇದೇ ಎಸ್ಟೇಟು. ಕರಾವಳಿಗೆ ತಂದು ಬಿಟ್ಟ ಆ ಒಕ್ಕಲುಗಳ ಬಾರ್ಲಿಗೆ ಕೊಳ್ಳುವವರಿರಲಿ ಎಂದು 1819ರಲ್ಲಿ ಬ್ರೋರಾದಲ್ಲಿ ಡಿಸ್ಟಿಲರಿ ಕಟ್ಟಿಸಿದ್ದೂ ಅವರೇ. ಆ ಕಥೆ ತಿಳಿಯದೆ ಈ ವಿಸ್ಕಿ ಕುಡಿಯುವುದು ಸರಿಯಲ್ಲ.

ಆ ಹಳೆಯದು ಮೂಲತಃ ಕ್ಲೈನಿಲಿಶ್. 1960ರ ದಶಕದ ಕೊನೆಯಲ್ಲಿ ಪಕ್ಕದಲ್ಲೇ ಹೊಸ ಕ್ಲೈನಿಲಿಶ್ ಎದ್ದಿತು, ಹಳೆಯದಕ್ಕೆ ಬ್ರೋರಾ ಎಂಬ ಹೆಸರು ಬಂತು. 1970ರ ದಶಕದ ಆರಂಭದಲ್ಲಿ ಇಲ್ಲಿ ಐಲಾ ದ್ವೀಪದ ವಿಸ್ಕಿಗಳಂತೆ ಪೀಟ್‌ನ (ಜೌಗು ನೆಲದಿಂದ ಕಡಿದು ಒಣಗಿಸಿದ ಉರುವಲಿನ) ದಟ್ಟ ಹೊಗೆಯ ಮಾಲ್ಟ್ ಬಳಸಿದರು. 1983ರಲ್ಲಿ ನಿಂತಿತು, 2021ರಲ್ಲಿ ಅವೇ ಹಳೆಯ ತಾಮ್ರದ ಭಟ್ಟಿಗಳನ್ನು ರಿಪೇರಿ ಮಾಡಿ ಮತ್ತೆ ಶುರು ಮಾಡಿದರು. ಎರಡೂ ವಿಸ್ಕಿಗಳಲ್ಲಿ ಮೇಣದ ಗುಣ ಎದ್ದು ಕಾಣುತ್ತದೆ, ನಾಲಿಗೆಗೆ ತೆಳು ಪದರ ಹತ್ತಿದಂತೆ. ಅದು ಬರುವುದು ಭಟ್ಟಿಯ ನಡುವಿನ ತೊಟ್ಟಿಗಳಲ್ಲಿ ವರ್ಷವಿಡೀ ಕೂಡುವ ಜಿಡ್ಡಿನಿಂದ. ಒಮ್ಮೆ ತೊಟ್ಟಿಯನ್ನು ಚೊಕ್ಕಟವಾಗಿ ತೊಳೆದಾಗ ಸ್ಪಿರಿಟ್ಟಿನ ಮೇಣವೇ ಮಾಯವಾಯಿತು, ಅಂದಿನಿಂದ ಆ ಜಿಡ್ಡನ್ನು ಕಾಪಾಡುತ್ತಾರೆ.

ರಾತ್ರಿ ಡೋರ್ನಾಕ್‌ನ ಕ್ಯಾಸಲ್ ಹೋಟೆಲಿನ ವಿಸ್ಕಿ ಬಾರಿನಲ್ಲಿ. ಪಕ್ಕದ ಕೋಣೆಯಲ್ಲೇ ಮಲಗುವುದಾದ್ದರಿಂದ ಕಾರಿನ ಚಿಂತೆ ಇಲ್ಲ. ಹಳೆಯ ಬಾಟಲಿಗಳ ಊರಿನಲ್ಲಿ ಬಾರಿನ ಮೇಲಿನ ಕೋಣೆ ಹಿಡಿಯುವುದು ಅತ್ಯಂತ ಬುದ್ಧಿವಂತ ಖರ್ಚು. ಇಲ್ಲಿನ ಅಳತೆ ನಮ್ಮ 60 ಮಿ.ಲೀ. ಪೆಗ್ ಅಲ್ಲ, 25 ಅಥವಾ 35. ಮೂರಂಕಿಯ ಪೌಂಡು ಬೆಲೆಯ ಬ್ರೋರಾವನ್ನು ಇಬ್ಬರು ಒಂದೇ ಅಳತೆ ತರಿಸಿ ಹಂಚಿಕೊಳ್ಳುವುದು ತಪ್ಪಲ್ಲ. ಮೊದಲು ಕೇಳಬೇಕಾದ್ದು, ಬಾಟಲಿ ತೆರೆದು ಎಷ್ಟು ಕಾಲವಾಯಿತು? ಅಡಿಯಲ್ಲಿ ಒಂದಿಂಚು ಉಳಿದು ವರ್ಷ ಕಳೆದಿದ್ದರೆ ಬೇರೆಯದನ್ನು ಆರಿಸಬೇಕು.

ಹೊಗೆಯಿಲ್ಲದ್ದು ಮೊದಲು, ಪೀಟ್ ಕೊನೆಗೆ. ಬಾಯಿ ಕಿರಿದಾದ ಗ್ಲೆನ್‌ಕೈರ್ನ್ ಗ್ಲಾಸಿನಲ್ಲಿ ಹತ್ತಿಪ್ಪತ್ತು ನಿಮಿಷ ಸುಮ್ಮನೆ ಬಿಡಬೇಕು, ದಶಕಗಳ ಕಾಲ ಮುಚ್ಚಿದ್ದ ವಿಸ್ಕಿಯ ಮೊದಲ ವಾಸನೆ ಹೆಚ್ಚಾಗಿ ಲೋಹದ್ದು, ಆಮೇಲೆ ಬಿಚ್ಚಿಕೊಳ್ಳುತ್ತದೆ. ಮೂಗು ಒಳಗೆ ತೂರಿಸದೆ, ಬಾಯಿ ಸ್ವಲ್ಪ ತೆರೆದು ಮೂಸಬೇಕು. ಶೇ. 55ಕ್ಕೂ ಮೇಲಿನ ಬಲದ್ದಕ್ಕೆ ಡ್ರಾಪರ್‌ನಿಂದ ಎರಡೆರಡೇ ತೊಟ್ಟು ನೀರು ಹಾಕಿ ನೋಡಬಹುದು. 41–43ಕ್ಕೆ ಇಳಿದ ಹಳೆಯದಕ್ಕೆ ನೀರು ಬೇಡವೇ ಬೇಡ, ಒಂದು ಚಮಚಕ್ಕೆ ನಲವತ್ತು ವರ್ಷ ಕುಸಿಯುತ್ತದೆ.

ಬ್ರೋರಾದಲ್ಲಿ ಮೊದಲು ಆರಿದ ಮೇಣದಬತ್ತಿ, ಆಮೇಲೆ ಕೊಟ್ಟಿಗೆಯ ಒಣಹುಲ್ಲು, ತಡವಾಗಿ ನಿಂಬೆ ಸಿಪ್ಪೆ, ಕೊನೆಗೆ ತೆಳ್ಳನೆ ಹೊಗೆ. ನುಂಗಿ ಐದು ನಿಮಿಷದ ಮೇಲೂ ಬಾಯಲ್ಲಿ ಇತ್ತು. ಪಕ್ಕದ ಮೇಜಿನ ಮೀನುಗಾರರೊಬ್ಬರು, ತಮ್ಮ ಚಿಕ್ಕಪ್ಪ ಈ ಡಿಸ್ಟಿಲರಿಯಲ್ಲಿದ್ದಾಗ ಇದನ್ನು ಬ್ಲೆಂಡಿಗೆ ಕಳಿಸುವುದು ಬಿಟ್ಟು ಯಾರೂ ಬಾಟಲಿಯಲ್ಲಿ ಕೇಳುತ್ತಿರಲಿಲ್ಲ ಎಂದರು. ಡಿಯಾಜಿಯೊ 30 ವರ್ಷದ ಬ್ರೋರಾವನ್ನು ಹೊರತರಲು ತೊಡಗಿದ್ದೇ 2002ರಲ್ಲಿ. ಗ್ಲಾಸನ್ನು ಅವರತ್ತ ಸರಿಸಿದಾಗ ಬೇಡವೆನ್ನಲಿಲ್ಲ, ಬಹಳ ಹೊತ್ತು ಮೂಸಿ, ಒಂದೇ ಹನಿ ನಾಲಿಗೆಗೆ ಇಟ್ಟು ವಾಪಸು ಕೊಟ್ಟರು.

ಶುಕ್ರವಾರ, ವಾಪಸು

ಬಾಟಲಿಗಳನ್ನು ಕಟ್ಟುವುದಕ್ಕೆ ಒಂದು ಬೆಳಗು ಬೇಕು. ಮುಚ್ಚಳದ ಸುತ್ತ ಪ್ಯಾರಾಫಿಲ್ಮ್ ಎಂಬ ಹಿಗ್ಗುವ ಮೇಣದ ಹಾಳೆ ಎಳೆದು ಸುತ್ತಿ, ಲೇಬಲ್‌ಗೆ ಕ್ಲಿಂಗ್ ಫಿಲ್ಮ್, ಮೇಲೆ ಬಬಲ್ ಹಾಳೆ, ಆಮೇಲೆ ಪ್ಲಾಸ್ಟಿಕ್ ಚೀಲ. ಬಟ್ಟೆಯ ನಡುವೆ, ಪೆಟ್ಟಿಗೆಯ ಅಂಚಿನಿಂದ ಕನಿಷ್ಠ ನಾಲ್ಕು ಬೆರಳು ಒಳಗೆ. ಚೆಕ್‌ಇನ್ ಲಗೇಜಿನಲ್ಲಿ ಶೇ. 24ರಿಂದ 70 ಬಲದ್ದು ಒಬ್ಬರಿಗೆ ಐದು ಲೀಟರ್, ಅದೂ ಅಂಗಡಿಯ ಮೂಲ ಪ್ಯಾಕಿಂಗಿನಲ್ಲಿ. ಭಾರತಕ್ಕೆ ಸುಂಕವಿಲ್ಲದೆ ಎರಡು ಲೀಟರ್ ಮಾತ್ರ, ಅಂದರೆ 70 ಸೆಂಟಿಲೀಟರಿನ ಎರಡು ಬಾಟಲಿ, ಮೂರನೆಯದು ಮಿತಿ ಮೀರುತ್ತದೆ. 2025ರ ಜುಲೈನಲ್ಲಿ ಸಹಿಯಾದ ಭಾರತ–ಬ್ರಿಟನ್ ಒಪ್ಪಂದದಲ್ಲಿ ಸ್ಕಾಚ್‌ನ ಆಮದು ಸುಂಕವನ್ನು ಶೇ. 150ರಿಂದ 75ಕ್ಕೆ, ಹತ್ತು ವರ್ಷದಲ್ಲಿ 40ಕ್ಕೆ ಇಳಿಸುವ ಮಾತಿದೆ. ಅದು ವ್ಯಾಪಾರದ ಆಮದಿಗೆ, ಪ್ರಯಾಣಿಕರ ಚೀಲಕ್ಕಲ್ಲ. ಹೆಚ್ಚಿನದನ್ನು ಕೌಂಟರಿನಲ್ಲಿ ಘೋಷಿಸಿ ಸುಂಕ ಕಟ್ಟಿ, ರಸೀದಿಯನ್ನು ಬಾಟಲಿಯ ಜೊತೆಗೇ ಇಟ್ಟುಕೊಳ್ಳಬೇಕು. ಮುಂದೆ ಅದೇ ಬಾಟಲಿಯ ಜಾತಕ.

ಮನೆಯಲ್ಲಿ ಅಟ್ಟದ ಮೇಲಿಡಬಾರದು, ಏಪ್ರಿಲ್‌ನಲ್ಲಿ ಅಲ್ಲಿ ಹಂಚಿನ ಕಾವು ಇಳಿಯುವುದಿಲ್ಲ. ಬೆಂಗಳೂರಿನಲ್ಲಾದರೆ ಉತ್ತರ ಗೋಡೆಯ ಕೆಳಗಿನ ಕಪಾಟು ಸಾಕು. ಮಂಗಳೂರು, ಕಾರವಾರದಂಥ ಕಡೆ ತೇವಕ್ಕೆ ಲೇಬಲ್ ಕೊಳೆಯದಂತೆ ಫಿಲ್ಮ್ ಬಿಚ್ಚದೆ ಇಡಬೇಕು. ಆರು ತಿಂಗಳಿಗೊಮ್ಮೆ ಮಟ್ಟದ ಚಿತ್ರ ತೆಗೆದು ಹೋಲಿಸಬೇಕು. ಇಳಿಯುತ್ತಿದ್ದರೆ ಕಾಯದೆ ತೆರೆಯಬೇಕು. ತೆರೆದದ್ದು ಅರ್ಧಕ್ಕೆ ಬಂದೊಡನೆ ಚಿಕ್ಕ ಗಾಜಿನ ಸೀಸೆಗಳಿಗೆ ಅಂಚಿನವರೆಗೆ ತುಂಬಿಸಿ, ಹೆಸರು ದಿನಾಂಕ ಬರೆದು, ರುಚಿ ಬಲ್ಲ ಗೆಳೆಯರಿಗೆ ಒಂದೊಂದು ಕೊಟ್ಟು ಉಳಿದದ್ದನ್ನು ವರ್ಷದೊಳಗೆ ಮುಗಿಸಬೇಕು.